ಮಕ್ಕಳ ಅಂಗಸಾಧನೆಯೂ ಬಯಲಿನ ಪಾಠವೂ

ಯುದ್ಧವು ಮುಗಿದೊಡನೆ ರಾಜ್ಯದ ಅಧಿಕಾರಿಗಳು ಮೊದಲು ಎಣಿಸುವುದು ಉರುಳಿದ ಮನೆಗಳನ್ನು, ಮುರಿದ ಸೇತುವೆಗಳನ್ನು, ಮುಳುಗಿದ ಹಡಗುಗಳನ್ನು. ಇವು ಕಣ್ಣಿಗೆ ಕಾಣುವ ನಷ್ಟಗಳು. ಇಟ್ಟಿಗೆ, ಉಕ್ಕು, ಹಣಗಳಿಂದ ತುಂಬಿಕೊಳ್ಳತಕ್ಕವು. ಆದರೆ ನೆಲಮಾಳಿಗೆಗಳಲ್ಲಿ ನಿದ್ರಿಸಿ, ತಂದೆತಾಯಿಗಳಿಂದ ಅಗಲಿ, ಬೀದಿಯಲ್ಲಿ ಆಡಲು ಅಂಜಿ ಬೆಳೆದ ಮಗುವಿನ ಮೈಯಲ್ಲಿ ಆದ ನಷ್ಟವನ್ನು ಯಾವ ಲೆಕ್ಕಪುಸ್ತಕದಲ್ಲಿ ಬರೆಯುವುದು? ಅದನ್ನು ತುಂಬಿಕೊಡುವ ಬಗೆ ಯಾವುದು? ಎಲ್ಲಕ್ಕಿಂತ ಮೊದಲಾಗಿ, ಮಗುವಿನ ದೇಹವನ್ನು ನಾವು ಬೆಳೆಸುವುದು ಯಾರಿಗಾಗಿ? ಮುಂದಿನ ಯುದ್ಧಕ್ಕಾಗಿಯೆ, ಆ ಮಗುವಿಗಾಗಿಯೆ?

ಈ ಕಡೆಯ ಪ್ರಶ್ನೆಯು ಮೇಲ್ನೋಟಕ್ಕೆ ಸುಲಭವಾದುದೆಂದು ತೋರಬಹುದು. ಆದರೆ ಇಂಗ್ಲೆಂಡು ದೇಶವು ಅರ್ಧ ಶತಮಾನದೊಳಗೆ ಮೂರು ಯುದ್ಧಗಳ ಅನಂತರ ಮೂರು ಬಾರಿ ಇದಕ್ಕೆ ಉತ್ತರ ಹೇಳಬೇಕಾಯಿತು. ಮೂರು ಬಾರಿಯೂ ಉತ್ತರವು ಬೇರೆ ಬೇರೆಯಾಗಿತ್ತು. ನಮ್ಮ ಶಾಲೆಗಳಲ್ಲಿ ಇಂದಿಗೂ ಕವಾಯತಿನ ಆಜ್ಞೆಗಳು ಇಂಗ್ಲಿಷಿನಲ್ಲಿ ಕೇಳಿಬರುವುದನ್ನು ಗೃಹಸ್ಥರೆಲ್ಲರೂ ಬಲ್ಲರು. ಆ ಆಜ್ಞೆಗಳು ಬಂದ ದೇಶದಲ್ಲಿಯೇ ಅವುಗಳ ಗತಿ ಏನಾಯಿತೆಂಬುದನ್ನು ತಿಳಿಯುವುದು ನಮಗೆ ಉಪಯುಕ್ತವಾದುದೇ ಸರಿ.

ಮೊದಲನೆಯ ಯುದ್ಧವು ೧೮೯೯ರಿಂದ ೧೯೦೨ರ ವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧ. ಸೈನ್ಯವನ್ನು ಸೇರಲು ಬಂದ ನಗರವಾಸಿ ತರುಣರನ್ನು ವೈದ್ಯರು ಪರೀಕ್ಷಿಸಿದಾಗ ಸರಕಾರವು ಬೆಚ್ಚಿಬಿದ್ದಿತು. ಮ್ಯಾಂಚೆಸ್ಟರ್ ನಗರವೊಂದರಲ್ಲಿಯೇ ಸುಮಾರು ಎಂಟು ಸಾವಿರ ಮಂದಿಯನ್ನು ಅಶಕ್ತರೆಂದು ಹಿಂದಕ್ಕೆ ಕಳುಹಿಸಲಾಯಿತೆಂಬ ಲೆಕ್ಕವು ಅಂದು ಎಲ್ಲರ ಬಾಯಲ್ಲಿಯೂ ಇದ್ದಿತು. ಎದೆ ಕಿರಿದು, ಹಲ್ಲು ಹುಳುಕು, ಬಿಸಿಲು ಕಾಣದೆ ಬಾಗಿದ ಕಾಲೆಲುಬು: ಕಾರ್ಖಾನೆಗಳ ಹೊಗೆಯಲ್ಲಿ ಬೆಳೆದವರ ಸ್ಥಿತಿ ಹೀಗಿದ್ದಿತು. ಆಗ ಕೊಟ್ಟ ಉತ್ತರವೇನು? ೧೯೦೨ರಲ್ಲಿ ಶಿಕ್ಷಣ ಮಂಡಲಿಯು ಯುದ್ಧ ಇಲಾಖೆಯೊಡನೆ ಸಮಾಲೋಚಿಸಿ ಶಾಲೆಗಳಿಗೆ ಒಂದು ಮಾದರಿ ಅಂಗಸಾಧನೆಯ ಕ್ರಮವನ್ನು ಹೊರಡಿಸಿತು. ಅದು ಹೆಚ್ಚು ಕಡಿಮೆ ಸಿಪಾಯಿಗಳ ಕವಾಯತೇ ಆಗಿದ್ದಿತು. ಏಳು ವರ್ಷದ ಹುಡುಗಿಗೂ ಇಪ್ಪತ್ತು ವರ್ಷದ ಯೋಧನಿಗೂ ಒಂದೇ ಅಳತೆಯ ಅಂಗಿಯನ್ನು ಹೊಲಿದಂತಾಯಿತು. ಉಪಾಧ್ಯಾಯರೂ ವೈದ್ಯರೂ ಇದನ್ನು ಆಕ್ಷೇಪಿಸಿದರು. ೧೯೦೪ರಲ್ಲಿಯೇ ಬೇರೊಂದು ಪಾಠಕ್ರಮವು ಅದರ ಸ್ಥಾನಕ್ಕೆ ಬಂದಿತು.

ಅದೇ ೧೯೦೪ರಲ್ಲಿ ಜನರ ದೇಹಬಲವು ಕ್ಷೀಣಿಸಿದುದನ್ನು ಕುರಿತು ವಿಚಾರ ಮಾಡಿದ ಸರಕಾರೀ ಸಮಿತಿಯು ತನ್ನ ವರದಿಯನ್ನು ಒಪ್ಪಿಸಿತು. ಆ ಕಾಲದ ವಿಚಾರಗಳಿಂದ ಸ್ಪಷ್ಟವಾದುದು ಇಷ್ಟು: ಹಸಿದ ಮಗುವಿಗೆ ಕವಾಯತನ್ನು ಕಲಿಸುವುದು ಎಣ್ಣೆಯಿಲ್ಲದ ದೀಪದ ಬತ್ತಿಯನ್ನು ಮೇಲಕ್ಕೆ ಎಳೆದಂತೆ. ೧೯೦೬ರಲ್ಲಿ ಬಡ ಮಕ್ಕಳಿಗೆ ಶಾಲೆಯಲ್ಲಿ ಊಟವನ್ನೀಯಲು ಸ್ಥಳೀಯ ಮಂಡಲಿಗಳಿಗೆ ಅಧಿಕಾರವನ್ನು ಕೊಟ್ಟ ಕಾನೂನೂ, ೧೯೦೭ರಲ್ಲಿ ಮಕ್ಕಳ ವೈದ್ಯಪರೀಕ್ಷೆಯ ಕಾನೂನೂ ಬಂದುವು.

ಇತ್ತ ಕೆಲವರು ಇನ್ನೊಂದು ದಾರಿಯಲ್ಲಿ ನಡೆದಿದ್ದರು. ೧೯೦೪ರಲ್ಲಿ ಜರ್ಮನಿಯ ಬರ್ಲಿನ್ ಬಳಿಯ ಷಾರ್ಲೊಟೆನ್‌ಬುರ್ಗಿನಲ್ಲಿ ದುರ್ಬಲರಾದ ಮಕ್ಕಳಿಗಾಗಿ ಪೈನ್ ಮರಗಳ ನಡುವೆ ಒಂದು ಅರಣ್ಯಶಾಲೆಯು ತೆರೆಯಿತು. ಮೂರು ವರ್ಷಗಳ ತರುವಾಯ ಲಂಡನ್ನಿನ ಬಾಸ್ಟಲ್ ವುಡ್ ಎಂಬಲ್ಲಿ ಅದೇ ಮಾದರಿಯ ಬಯಲುಶಾಲೆಯು ಆರಂಭವಾಯಿತು. ಅಲ್ಲಿ ಪಾಠ, ಊಟ, ಮಧ್ಯಾಹ್ನದ ವಿಶ್ರಾಂತಿ ಎಲ್ಲವೂ ತೆರೆದ ಗಾಳಿಯಲ್ಲಿ. ಕ್ಷಯಕ್ಕೆ ಮದ್ದಿಲ್ಲದಿದ್ದ ಆ ದಿನಗಳಲ್ಲಿ ಗಾಳಿ, ಬೆಳಕು, ಆಹಾರ, ವಿರಾಮಗಳೇ ವೈದ್ಯರ ಕೈಯಲ್ಲಿದ್ದ ಔಷಧಗಳು. ೧೯೧೪ರಲ್ಲಿ ಲಂಡನ್ನಿನ ಬಡವರ ಬಡಾವಣೆಯಾದ ಡೆಪ್ಟ್‌ಫರ್ಡಿನಲ್ಲಿ ರೇಚೆಲ್ ಮತ್ತು ಮಾರ್ಗರೆಟ್ ಮ್ಯಾಕ್‌ಮಿಲನ್ ಎಂಬ ಸೋದರಿಯರು ಶಿಶುಗಳಿಗಾಗಿ ಬಯಲು ಶಿಶುವಿಹಾರವನ್ನು ಸ್ಥಾಪಿಸಿದರು. ಅಲ್ಲಿ ಕೊಠಡಿಗಳಿಗಿಂತ ತೋಟವೇ ಮುಖ್ಯ. ಮಕ್ಕಳಿಗೆ ಸ್ನಾನ, ಊಟ, ನಿದ್ರೆ, ಆಟ, ಇವೇ ಪಾಠಗಳು. ಇವರಾರೂ ಸಿಪಾಯಿಗಳನ್ನು ತಯಾರಿಸಲು ಹೊರಟವರಲ್ಲ. ಮಗುವು ಮೊದಲು ಮಗುವಾಗಿ ಬಾಳಲಿ ಎಂಬುದೇ ಅವರ ಉದ್ದೇಶವಾಗಿದ್ದಿತು.

ಎರಡನೆಯ ಅವಕಾಶವು ೧೯೧೪ರಿಂದ ೧೯೧೮ರ ಮಹಾಯುದ್ಧವು ಮುಗಿಯುತ್ತಿರುವಾಗ ಬಂದಿತು. ‘ಪುನರ್ನಿರ್ಮಾಣ’ವೆಂಬ ಶಬ್ದವು ಆಗ ಎಲ್ಲೆಲ್ಲಿಯೂ ಕೇಳಿಬರುತ್ತಿದ್ದಿತು. ೧೯೧೮ರಲ್ಲಿ ಶಿಕ್ಷಣ ಮಂಡಲಿಯ ಅಧ್ಯಕ್ಷರಾಗಿದ್ದ ಇತಿಹಾಸಕಾರ ಎಚ್. ಎ. ಎಲ್. ಫಿಷರರು ತಂದ ಕಾನೂನಿನಲ್ಲಿ ಶಾಲೆಗಳಿಗಾಗಿ ಬಿಡಾರಗಳನ್ನೂ ಆಟದ ಬಯಲುಗಳನ್ನೂ ಈಜುಕೊಳಗಳನ್ನೂ ಒದಗಿಸಲು ಸ್ಥಳೀಯ ಮಂಡಲಿಗಳಿಗೆ ಅಧಿಕಾರವು ದೊರೆಯಿತು. ಆದರೆ ಅದು ಅಧಿಕಾರವೇ ಹೊರತು ಕರ್ತವ್ಯವಲ್ಲ. ಮಾಡಬಹುದು, ಮಾಡದೆಯೂ ಇರಬಹುದು. ೧೯೨೨ರಲ್ಲಿ ಸರಕಾರೀ ವೆಚ್ಚವನ್ನು ಕಡಿಮೆ ಮಾಡುವ ಸಮಿತಿಯ ಕತ್ತರಿಯು ಬಂದಾಗ ಶಿಕ್ಷಣದ ಹಣವೂ ಕತ್ತರಿಸಿಹೋಯಿತು. ೧೯೨೫ರಲ್ಲಿ ಆಟದ ಬಯಲುಗಳ ರಕ್ಷಣೆಗಾಗಿ ಒಂದು ರಾಷ್ಟ್ರೀಯ ಸಂಘವು ಹುಟ್ಟಿತು. ೧೯೩೩ರಲ್ಲಿ ಹಿಂದಿನವುಗಳಿಗಿಂತ ಉತ್ತಮವಾದ ಅಂಗಸಾಧನೆಯ ಪಾಠಕ್ರಮವೊಂದು ಪ್ರಕಟವಾಯಿತು. ಆದರೂ ನಗರದ ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೆ ಇದ್ದ ಬಯಲೆಂದರೆ ನಾಲ್ಕು ಗೋಡೆಗಳ ನಡುವಣ ಕಲ್ಲುಹಾಸಿನ ಅಂಗಳವೊಂದೇ. ಕಾಗದದ ಮೇಲಿನ ಬಯಲಿನಲ್ಲಿ ಯಾವ ಮಗುವೂ ಓಡಲಾರದಷ್ಟೆ.

ಮೂರನೆಯ ಯುದ್ಧವೇ ಮಕ್ಕಳನ್ನು ಬಯಲಿಗೆ ಅಟ್ಟಿತು ಎಂದರೆ ಆಶ್ಚರ್ಯವಾಗಬಹುದು. ೧೯೩೯ರಲ್ಲಿ ಪಾರ್ಲಿಮೆಂಟು ಬಿಡಾರಗಳ ಕಾನೂನನ್ನು ಅಂಗೀಕರಿಸಿತು. ಅದರಂತೆ ಹಳ್ಳಿಗಾಡುಗಳಲ್ಲಿ ದೇವದಾರು ಜಾತಿಯ ಮರದ ಹಲಗೆಗಳಿಂದ ಬಿಡಾರಗಳು ಕಟ್ಟಲ್ಪಟ್ಟುವು. ಶಾಂತಿಯಿದ್ದರೆ ಶಾಲಾಮಕ್ಕಳ ವಿಹಾರಕ್ಕೆ, ಯುದ್ಧ ಬಂದರೆ ಆಶ್ರಯಕ್ಕೆ ಎಂಬುದು ಸಂಕಲ್ಪ. ಸೆಪ್ಟೆಂಬರಿನಲ್ಲಿ ಯುದ್ಧವೇ ಬಂದಿತು. ಮೊದಲ ಕೆಲವು ದಿನಗಳಲ್ಲಿಯೇ ಸುಮಾರು ಹದಿನೈದು ಲಕ್ಷ ಮಂದಿಯನ್ನು, ಬಹುಭಾಗ ಮಕ್ಕಳನ್ನು, ನಗರಗಳಿಂದ ಹಳ್ಳಿಗಳಿಗೆ ಸಾಗಿಸಲಾಯಿತು. ಸರ್ರೆ ಪ್ರಾಂತದ ಸೇಯರ್ಸ್ ಕ್ರಾಫ್ಟ್ ಎಂಬ ಬಿಡಾರಕ್ಕೆ ೧೯೪೦ರಲ್ಲಿ ಲಂಡನ್ನಿನ ಕ್ಯಾಟ್‌ಫರ್ಡಿನ ಶಾಲೆಯೊಂದು ಶಾಲೆಗೆ ಶಾಲೆಯೇ ಬಂದು ನೆಲಸಿ, ಯುದ್ಧವು ಮುಗಿಯುವವರೆಗೆ ಅಲ್ಲಿಯೇ ಇದ್ದಿತು.

ಈ ಅಗಲಿಕೆಯ ದುಃಖವನ್ನು ಮುಚ್ಚಿ ಹೇಳುವುದು ನ್ಯಾಯವಲ್ಲ. ಎಷ್ಟೋ ಮಕ್ಕಳು ಪರರ ಮನೆಗಳಲ್ಲಿ ಅತ್ತು ರಾತ್ರಿಗಳನ್ನು ಕಳೆದರು. ಕೆಲವರನ್ನು ಆ ಮನೆಯವರು ಹೀನಾಯವಾಗಿಯೂ ನಡೆಸಿಕೊಂಡರು. ಆದರೆ ಉಪಾಧ್ಯಾಯರೊಡನೆ ಬಿಡಾರದಲ್ಲಿ ವಾಸಿಸಿದ ಮಕ್ಕಳ ವಿಷಯದಲ್ಲಿ ಹೊಸದೊಂದು ಅನುಭವವಾಯಿತು. ಹೊಳೆಯ ದಂಡೆಯಲ್ಲಿ ಭೂಗೋಳವನ್ನೂ, ಬೇಲಿಯ ಸಾಲಿನಲ್ಲಿ ಸಸ್ಯಶಾಸ್ತ್ರವನ್ನೂ, ತರಕಾರಿಯ ಮಡಿಯಲ್ಲಿ ಅಂಕಗಣಿತವನ್ನೂ ಕಲಿಸಬಹುದು. ಇದರಿಂದ ಪಾಠವು ಕೆಡುವುದಿಲ್ಲ, ಬದಲಾಗಿ ಮನಸ್ಸಿನಲ್ಲಿ ಊರಿ ನಿಲ್ಲುತ್ತದೆ. ಸೇಯರ್ಸ್ ಕ್ರಾಫ್ಟಿನ ಆ ಹಲಗೆಯ ಮನೆಗಳು ಯುದ್ಧಾನಂತರ ಮಕ್ಕಳ ಬಯಲಿನ ಪಾಠಕ್ಕೆ ಕೇಂದ್ರವಾಗಿ ಮುಂದುವರಿದುವು.

ಅನಂತರದ ಕಾನೂನು ೧೯೪೪ರದು. ಬಾಂಬುಗಳು ಇನ್ನೂ ಬೀಳುತ್ತಿರುವಾಗಲೇ ಆರ್. ಎ. ಬಟ್ಲರರು ಪಾರ್ಲಿಮೆಂಟಿನಲ್ಲಿ ಮಂಡಿಸಿ ನೆರವೇರಿಸಿದ ಈ ಶಿಕ್ಷಣ ಕಾನೂನಿನ ೫೩ನೆಯ ವಿಧಿಯು ಮಕ್ಕಳ ವಿಹಾರಕ್ಕೂ ದೈಹಿಕ ಶಿಕ್ಷಣಕ್ಕೂ ಸಾಕಷ್ಟು ಸೌಕರ್ಯವಿರುವಂತೆ ನೋಡಿಕೊಳ್ಳುವುದು ಸ್ಥಳೀಯ ಮಂಡಲಿಗಳ ಕರ್ತವ್ಯವೆಂದು ಸಾರಿತು. ಬಿಡಾರ, ಆಟದ ಬಯಲು, ಕ್ರೀಡಾಕೇಂದ್ರಗಳನ್ನು ಹೆಸರು ಹಿಡಿದು ಹೇಳಿತು. ೧೯೧೮ರಲ್ಲಿ ‘ಮಾಡಬಹುದು’ ಎಂದಿದ್ದುದು ೧೯೪೪ರಲ್ಲಿ ‘ಮಾಡತಕ್ಕದ್ದು’ ಎಂದಾಯಿತು. ಕ್ರಿಯಾಪದದ ಈ ಒಂದು ಬದಲಾವಣೆಗೆ ಇಪ್ಪತ್ತಾರು ವರ್ಷಗಳೂ ಒಂದು ಮಹಾಯುದ್ಧವೂ ಬೇಕಾದುವು.

ಆಗ ಆ ದೇಶವು ಸಿರಿಯಲ್ಲಿರಲಿಲ್ಲವೆಂಬುದನ್ನು ವಾಚಕರು ಮರೆಯಬಾರದು. ಯುದ್ಧಕಾಲದಲ್ಲಿಯೂ ಇಲ್ಲದಿದ್ದ ರೊಟ್ಟಿಯ ಪಡಿತರವು ೧೯೪೬ರ ಜುಲೈ ತಿಂಗಳಿನಲ್ಲಿ ಆರಂಭವಾಯಿತು. ಮರುತಿಂಗಳೇ, ಆಗಸ್ಟಿನಲ್ಲಿ, ಶಾಲೆಯ ಪ್ರತಿಯೊಂದು ಮಗುವಿಗೂ ದಿನಕ್ಕೆ ಪೈಂಟಿನ ಮೂರನೆಯ ಒಂದು ಭಾಗ, ಎಂದರೆ ಸುಮಾರು ೧೯೦ ಮಿಲಿಲೀಟರು ಹಾಲನ್ನು ಉಚಿತವಾಗಿ ಕೊಡುವ ಏರ್ಪಾಡು ಜಾರಿಗೆ ಬಂದಿತು. ತಾನು ರೊಟ್ಟಿಯನ್ನು ಅಳೆದು ತಿನ್ನುತ್ತ ಮಕ್ಕಳಿಗೆ ಹಾಲನ್ನು ಅಳೆಯದೆ ಕೊಡುವುದು ತಾಯಿಯ ಲಕ್ಷಣ. ಆ ವರ್ಷ ಒಂದು ರಾಜ್ಯವು ತಾಯಿಯಂತೆ ನಡೆದುಕೊಂಡಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಅಂಗಸಾಧನೆಯ ತರಗತಿಯಲ್ಲಿ ಆದ ಬದಲಾವಣೆಯು ಇನ್ನೂ ಸ್ವಾರಸ್ಯವಾದುದು. ಯುದ್ಧದಲ್ಲಿ ಕಮಾಂಡೋ ಪಡೆಗಳವರನ್ನು ತರಬೇತುಗೊಳಿಸಲು ಹಗ್ಗದ ಬಲೆ, ಏಣಿ, ತೊಲೆ ಮೊದಲಾದ ಅಡೆತಡೆಗಳನ್ನು ನಿರ್ಮಿಸುತ್ತಿದ್ದರು. ಯುದ್ಧಾನಂತರ ಇವುಗಳ ಮಾದರಿಯಲ್ಲಿಯೇ ಮಕ್ಕಳು ಹತ್ತಿ ಇಳಿಯುವ ಚೌಕಟ್ಟುಗಳೂ ಬಲೆಗಳೂ ಪ್ರಾಥಮಿಕ ಶಾಲೆಗಳಿಗೆ ಬಂದುವು. ೧೯೦೨ರಲ್ಲಿ ಸೈನ್ಯದ ಆಜ್ಞೆಯು ಶಾಲೆಗೆ ಬಂದಿದ್ದಿತು. ಈಗ ಸೈನ್ಯದ ಸಲಕರಣೆ ಬಂದಿತು, ಆಜ್ಞೆಯು ಹೊರಗೇ ಉಳಿಯಿತು. ಶಿಕ್ಷಣ ಇಲಾಖೆಯು ೧೯೫೨ರಲ್ಲಿ ‘ಮೂವಿಂಗ್ ಅಂಡ್ ಗ್ರೋಯಿಂಗ್’ ಎಂಬ ಪುಸ್ತಕವನ್ನೂ ೧೯೫೩ರಲ್ಲಿ ಅದರ ಎರಡನೆಯ ಭಾಗವನ್ನೂ ಉಪಾಧ್ಯಾಯರ ಉಪಯೋಗಕ್ಕಾಗಿ ಹೊರತಂದಿತು. ಹಿಂದೆ ಉಪಾಧ್ಯಾಯನು ‘ಒಂದು, ಎರಡು’ ಎಂದೊಡನೆ ನಲವತ್ತು ಕೈಗಳು ಒಟ್ಟಿಗೆ ಏಳಬೇಕಾಗಿದ್ದಿತು. ಈಗ ಅವನು ‘ಈ ಬೆಂಚನ್ನು ನಿನಗೆ ತೋಚಿದಂತೆ ದಾಟು, ಮತ್ತೊಂದು ಬಗೆಯಲ್ಲಿ ದಾಟಿ ತೋರಿಸು’ ಎನ್ನತೊಡಗಿದನು. ಒಬ್ಬನು ಹಾರುವನು, ಒಬ್ಬಳು ತೆವಳುವಳು, ಮತ್ತೊಬ್ಬನು ಕೈಯೂರಿ ಮಗುಚುವನು. ಎಲ್ಲರೂ ದಾಟುವರು, ಯಾರೂ ಸೋಲುವುದಿಲ್ಲ. ದೇಹವು ಆಜ್ಞೆಗೆ ಬಗ್ಗುವುದರ ಬದಲು ತಾನೇ ಯೋಚಿಸುವುದನ್ನು ಕಲಿಯಿತು.

ಇನ್ನು ಬಾಂಬು ಬಿದ್ದ ನೆಲದ ಕಥೆ. ಇದರ ಬೀಜವು ಡೆನ್ಮಾರ್ಕಿನದು. ಉದ್ಯಾನಶಿಲ್ಪಿಯಾದ ಸಿ. ಟಿ. ಸೋರೆನ್ಸೆನ್ ಎಂಬವರು ಆಟದ ಅಂಗಳಗಳನ್ನು ಅಂದವಾಗಿ ರಚಿಸುತ್ತಿದ್ದವರು. ಮಕ್ಕಳು ಆ ಅಂಗಳಗಳಿಗಿಂತ ಕಟ್ಟಡ ಕಟ್ಟುವ ಜಾಗಗಳಲ್ಲಿ ಬಿದ್ದ ಹಲಗೆ ಇಟ್ಟಿಗೆಗಳೊಡನೆ ಆಡುವುದನ್ನೇ ಬಯಸುವರೆಂದು ಅವರು ಕಂಡುಕೊಂಡರು. ದೇಶವು ಜರ್ಮನರ ವಶದಲ್ಲಿದ್ದ ೧೯೪೩ರಲ್ಲಿ ಕೋಪನ್‌ಹೇಗನ್ ನಗರದ ಎಮ್‌ಡ್ರುಪ್ ಎಂಬಲ್ಲಿ ಇಂತಹ ಅಂಗಳವೊಂದು ತೆರೆಯಿತು. ಅದರ ಡೇನಿಷ್ ಹೆಸರಿಗೆ ನಮ್ಮ ಮಾತಿನಲ್ಲಿ ‘ಗುಜರಿಯ ಆಟದಂಗಳ’ವೆಂದು ಅರ್ಥ ಹೇಳಬಹುದು. ಅಲ್ಲಿ ಉಯ್ಯಾಲೆಯಿಲ್ಲ, ಜಾರುಬಂಡೆಯಿಲ್ಲ. ಹಲಗೆ, ಮೊಳೆ, ಸುತ್ತಿಗೆ, ಮಣ್ಣು, ನೀರು, ಮತ್ತು ಮಕ್ಕಳ ಕೆಲಸದಲ್ಲಿ ಕೈಹಾಕದೆ ಹತ್ತಿರದಲ್ಲಿಯೇ ಇರುವ ಒಬ್ಬ ಹಿರಿಯನು, ಇಷ್ಟೆ.

ಯುದ್ಧಾನಂತರ ಇದನ್ನು ಕಣ್ಣಾರೆ ಕಂಡ ಇಂಗ್ಲೆಂಡಿನ ಲೇಡಿ ಅಲನ್ ಎಂಬಾಕೆಯು ೧೯೪೬ರಲ್ಲಿ ‘ಪಿಕ್ಚರ್ ಪೋಸ್ಟ್’ ಎಂಬ ಸಚಿತ್ರ ಪತ್ರಿಕೆಯಲ್ಲಿ, ನಮ್ಮ ಬಾಂಬು ಬಿದ್ದ ನಿವೇಶನಗಳನ್ನೂ ಹೀಗೆಯೇ ಮಕ್ಕಳಿಗೆ ಏಕೆ ಬಿಟ್ಟುಕೊಡಬಾರದೆಂದು ಪ್ರಶ್ನಿಸಿದರು. ನೆರೆಹೊರೆಯವರು ಸುಮ್ಮನಿರಲಿಲ್ಲ. ಕೈಕಾಲು ಮುರಿದರೆ ಹೊಣೆ ಯಾರು? ಮನೆಯ ಮುಂದೆ ಇಂತಹ ವಿಕಾರವೇಕೆ? ಮಕ್ಕಳು ಪುಂಡರಾಗುವುದಿಲ್ಲವೆ? ಇವು ಗೃಹಸ್ಥರು ಸಹಜವಾಗಿಯೇ ಕೇಳತಕ್ಕ ಪ್ರಶ್ನೆಗಳು. ಆದರೆ ಮಕ್ಕಳು ಆ ಹಾಳುನೆಲಗಳಲ್ಲಿ ಆಗಲೇ ಕದ್ದು ಆಡುತ್ತಿದ್ದರು, ಬೇಡವೆಂದರೂ ಬಿಡುವಂತಿರಲಿಲ್ಲ. ಹಿರಿಯರ ಕಣ್ಣಿನ ಮುಂದೆ ಆಡಿದರೆ ಅಪಾಯವು ಕಡಿಮೆಯೇ ಹೊರತು ಹೆಚ್ಚಲ್ಲ. ೧೯೪೮ರಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್ಲಿನಲ್ಲಿ ಇಂತಹ ಅಂಗಳವು ಆರಂಭವಾಯಿತು. ಮುಂದೆ ಇವಕ್ಕೆ ‘ಸಾಹಸದ ಆಟದಂಗಳ’ವೆಂಬ ಹೆಸರು ನಿಂತಿತು. ಆಕಾಶದಿಂದ ಮೃತ್ಯುವು ಬಿದ್ದ ಸ್ಥಳದಲ್ಲಿ ಎಂಟು ವರ್ಷದ ಮಗುವು ತನ್ನ ಕೈಯಿಂದ ಒಂದು ಗುಡಿಸಲನ್ನು ಕಟ್ಟುವುದಕ್ಕಿಂತ ಮಿಗಿಲಾದ ಪುನರ್ನಿರ್ಮಾಣವು ಯಾವುದು?

ನಗರದೊಳಗಿನ ಈ ಅಂಗಳಗಳಲ್ಲದೆ, ದೂರದ ಬಯಲಿಗೂ ಮಕ್ಕಳನ್ನು ಕರೆದೊಯ್ಯುವ ಏರ್ಪಾಡುಗಳು ಬೆಳೆದುವು. ೧೯೪೩ರಲ್ಲಿ ಸ್ಥಾಪಿತವಾದ ಕ್ಷೇತ್ರಾಧ್ಯಯನದ ಸಂಸ್ಥೆಯೊಂದು ೧೯೪೬ರಲ್ಲಿ ಸಫಕ್ ಪ್ರಾಂತದ ಫ್ಲಾಟ್‌ಫರ್ಡ್ ಮಿಲ್ ಎಂಬಲ್ಲಿ ಹಳೆಯ ಗಿರಣಿಯೊಂದನ್ನು ತನ್ನ ಮೊದಲ ಕೇಂದ್ರವನ್ನಾಗಿ ಮಾಡಿಕೊಂಡಿತು. ಗಿಡ, ಹಕ್ಕಿ, ಮಣ್ಣುಗಳನ್ನು ಅವಿರುವ ಕಡೆಯಲ್ಲಿಯೇ ನೋಡಿ ಕಲಿಯುವುದು ಅಲ್ಲಿನ ಕ್ರಮ. ೧೯೫೧ರಲ್ಲಿ ಡರ್ಬಿಷೈರ್ ಪ್ರಾಂತವು ವೈಟ್ ಹಾಲ್ ಎಂಬ ಕೇಂದ್ರವನ್ನು ತೆರೆಯಿತು. ಅದರ ಪ್ರೇರಕರಾದ ಶಿಕ್ಷಣಾಧಿಕಾರಿ ಜ್ಯಾಕ್ ಲಾಂಗ್‌ಲ್ಯಾಂಡರು ೧೯೩೩ರ ಎವರೆಸ್ಟ್ ಯಾತ್ರೆಯಲ್ಲಿದ್ದ ಪರ್ವತಾರೋಹಿ. ನಮ್ಮ ಹಿಮಾಲಯದಲ್ಲಿ ನಡೆದವರು ತಮ್ಮೂರಿನ ಸಾಮಾನ್ಯ ಶಾಲೆಗಳ ಮಕ್ಕಳಿಗೆ ಬೆಟ್ಟವನ್ನು ಹತ್ತುವ ಭಾಗ್ಯವನ್ನು ಒದಗಿಸಿದರು. ಹಿಂದೆ ಅದು ಹಣವಂತರ ಮಕ್ಕಳಿಗೆ ಮಾತ್ರ ಸಲ್ಲುತ್ತಿದ್ದಿತು.

ಈ ಕಥೆಗೆ ಇನ್ನೊಂದು ಮುಖವಿದೆ. ಪರಿಣಾಮಕಾರಿಯಾದ ಔಷಧಗಳು ಬಂದು ಕ್ಷಯವು ಇಳಿಮುಖವಾದ ಮೇಲೆ ಹಳೆಯ ಬಯಲುಶಾಲೆಗಳು ಒಂದೊಂದಾಗಿ ಮುಚ್ಚಿದುವು. ಚಳಿಗಾಲದಲ್ಲಿಯೂ ತೆರೆದ ಕೊಠಡಿಗಳಲ್ಲಿ ನಡುಗುತ್ತ ಕುಳಿತಿದ್ದ ಮಕ್ಕಳನ್ನು ನೆನೆದರೆ, ಅದರಲ್ಲಿ ವ್ಯಥೆಪಡತಕ್ಕದ್ದು ಹೆಚ್ಚಿಲ್ಲ. ಆದರೆ ಬರಗಾಲದಲ್ಲಿ ಕೊಟ್ಟುದನ್ನು ಸಮೃದ್ಧಿಯಲ್ಲಿ ಹಿಂದಕ್ಕೆ ತೆಗೆದುಕೊಂಡುದು ವಿಪರ್ಯಾಸವಲ್ಲವೆ? ದೊಡ್ಡ ಮಕ್ಕಳ ಉಚಿತ ಹಾಲು ೧೯೬೮ರಲ್ಲಿಯೂ, ಏಳು ವರ್ಷ ಮೀರಿದವರ ಹಾಲು ೧೯೭೧ರಲ್ಲಿಯೂ ನಿಂತುವು. ೧೯೮೦ರ ದಶಕದಿಂದೀಚೆಗೆ ಅನೇಕ ಶಾಲೆಗಳ ಆಟದ ಬಯಲುಗಳು ಮಾರಾಟವಾಗಿ ಅಲ್ಲಿ ಮನೆಗಳೂ ಅಂಗಡಿಗಳೂ ಎದ್ದುವು. ಯುದ್ಧದ ನೆನಪು ಮಾಸಿದಂತೆ ಬಯಲಿನ ಬೆಲೆಯನ್ನು ಹಣದಲ್ಲಿಯೇ ಎಣಿಸುವ ಅಭ್ಯಾಸವು ಮರಳಿತು.

ಈಗ ನಮ್ಮ ಮನೆಯ ಕಡೆಗೆ ಬರೋಣ. ೧೯೪೪ರಲ್ಲಿಯೇ ಭಾರತ ಸರಕಾರದ ಶಿಕ್ಷಣ ಸಲಹೆಗಾರರಾಗಿದ್ದ ಜಾನ್ ಸಾರ್ಜೆಂಟರ ಹೆಸರಿನಿಂದ ಪ್ರಸಿದ್ಧವಾದ ವರದಿಯು ನಮ್ಮ ದೇಶದ ಯುದ್ಧಾನಂತರದ ಶಿಕ್ಷಣಕ್ಕಾಗಿ ಸಿದ್ಧವಾಯಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳೆಲ್ಲರಿಗೂ ಕಡ್ಡಾಯ ಶಿಕ್ಷಣವನ್ನು ನಲವತ್ತು ವರ್ಷಗಳಲ್ಲಿ ಒದಗಿಸಬೇಕೆಂದ ಆ ವರದಿಯಲ್ಲಿ ಮಕ್ಕಳ ಆರೋಗ್ಯಕ್ಕೆಂದೇ ಒಂದು ಅಧ್ಯಾಯವಿದ್ದಿತು. ಮೂರು ವರ್ಷಗಳಲ್ಲಿ ದೇಶ ವಿಭಜನೆಯಾಯಿತು. ಯುದ್ಧವಿಲ್ಲದೆಯೇ ಯುದ್ಧದಷ್ಟು ಮಕ್ಕಳು ನಿರಾಶ್ರಿತರಾದರು. ೧೯೫೪ರಲ್ಲಿ ಜನರಲ್ ಜೆ. ಕೆ. ಭೋಂಸ್ಲೆಯವರು ದೆಹಲಿಯ ಕಸ್ತೂರಬಾ ನಿಕೇತನದಲ್ಲಿ ಅಂತಹ ಮಕ್ಕಳಿಗಾಗಿ ರಾಷ್ಟ್ರೀಯ ಶಿಸ್ತಿನ ಯೋಜನೆಯನ್ನು ಆರಂಭಿಸಿದರು. ಚದುರಿಹೋದ ಬಾಳಿಗೆ ಕವಾಯತಿನ ತಾಳವು ಆಧಾರವಾಗಬಲ್ಲುದು, ಅದನ್ನು ಅಲ್ಲಗಳೆಯಲಾಗದು. ಆದರೆ ಊರುಗೋಲೇ ಕಾಲಲ್ಲ. ಶಿಸ್ತು ಆರಂಭವಾಗಬಹುದು, ಅಂತ್ಯವಾಗಬಾರದು.

ನಮ್ಮ ನಾಡಿನಲ್ಲಿ ಗರಡಿಮನೆಗಳಿದ್ದುವು. ‘ಶಾಂತಲಾ’ ಕಾದಂಬರಿಯನ್ನು ಬರೆದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ದೇಹಸೌಷ್ಠವವೂ ಒಂದು ಕಲೆಯೆಂದು ತೋರಿಸಿದರು. ಮಕ್ಕಳಿಗಂತೂ ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆ, ಮರಕೋತಿ ಆಟಗಳಿದ್ದುವು. ಇವು ಯಾವ ಇಲಾಖೆಯ ಪಾಠಕ್ರಮವನ್ನೂ ಬೇಡಲಿಲ್ಲ. ಬೇಡಿದ್ದು ಒಂದಿಷ್ಟು ಬಯಲನ್ನು, ಒಂದು ಮರವನ್ನು, ಹಿರಿಯರ ಅಡ್ಡಿಯಿಲ್ಲದ ಒಂದು ಸಂಜೆಯನ್ನು. ೨೦೦೯ರ ಶಿಕ್ಷಣ ಹಕ್ಕಿನ ಕಾನೂನು ಶಾಲೆಗೆ ಆಟದ ಮೈದಾನವಿರತಕ್ಕದ್ದೆಂದು ಹೇಳಿದೆ. ೨೦೧೩ರಲ್ಲಿ ಕರ್ನಾಟಕದ ಶಾಲಾಮಕ್ಕಳಿಗೆ ೧೫೦ ಮಿಲಿಲೀಟರು ಹಾಲನ್ನು ಕೊಡುವ ಕ್ಷೀರಭಾಗ್ಯವು ಆರಂಭವಾಯಿತು. ಕಾನೂನಿನ ಭಾಷೆಯಲ್ಲಿ ನಾವೂ ‘ಮಾಡತಕ್ಕದ್ದು’ ಎಂಬಲ್ಲಿಗೆ ಬಂದಿದ್ದೇವೆ. ಆದರೂ ನಗರಗಳಲ್ಲಿ ಮಹಡಿಯ ಮೇಲೆ ಮಹಡಿಯಾಗಿ ಎದ್ದ ಎಷ್ಟೋ ಶಾಲೆಗಳ ಮಕ್ಕಳು ಮಣ್ಣನ್ನು ಮೆಟ್ಟದೆಯೇ ದಿನವನ್ನು ಕಳೆಯುತ್ತಾರೆ. ಇದ್ದ ಅಂಗಸಾಧನೆಯ ಗಂಟೆಯೂ ಪರೀಕ್ಷೆ ಹತ್ತಿರ ಬಂದೊಡನೆ ಗಣಿತಕ್ಕೆ ಬಲಿಯಾಗುತ್ತದೆ.

ಇಲ್ಲಿ ಶಬ್ದವೊಂದರ ಕಡೆಗೆ ವಾಚಕರ ಗಮನವನ್ನು ಸೆಳೆಯಬಯಸುತ್ತೇನೆ. ಸಂಸ್ಕೃತದ ‘ಶಿಕ್ಷಾ’ ಎಂಬುದನ್ನು ‘ಶಕ್’ ಧಾತುವಿನ ಇಚ್ಛಾರ್ಥಕ ರೂಪದಿಂದ ವ್ಯುತ್ಪಾದಿಸುತ್ತಾರೆ. ಶಕ್ತನಾಗಬೇಕೆಂಬ ಬಯಕೆಯೇ ಅದರ ಮೂಲಾರ್ಥ. ಕನ್ನಡದಲ್ಲಿ ‘ಶಿಕ್ಷೆ’ಯೆಂದರೆ ದಂಡನೆಯೆಂಬ ಅರ್ಥವು ಬಲವಾಗಿ ಬೇರೂರಿತು. ತಪ್ಪು ಮಾಡಿದ ಹುಡುಗನನ್ನು ಮೈದಾನದ ಸುತ್ತ ಓಡಿಸುವುದು, ಬಸ್ಕಿ ಹೊಡೆಯಿಸುವುದು ಇಂದಿಗೂ ನಿಂತಿಲ್ಲ. ಓಟವನ್ನೇ ದಂಡನೆಯನ್ನಾಗಿ ಮಾಡಿದ ಮೇಲೆ ಆ ಮಗುವು ಓಟವನ್ನು ಪ್ರೀತಿಸುವುದು ಹೇಗೆ? ಬೆಂಚನ್ನು ತನಗೆ ತೋಚಿದಂತೆ ದಾಟಿದ ಮಗುವಿನಲ್ಲಿ ಕಂಡುದು ಆ ಹಳೆಯ ಅರ್ಥವೇ: ಶಕ್ತನಾಗಬೇಕೆಂಬ ಬಯಕೆ.

ಗೃಹಸ್ಥರಾದ ನಾವು ಮಾಡಬಹುದಾದುದು ಇಲ್ಲವೆಂದಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ಫಲಿತಾಂಶದ ಪಟ್ಟಿಯನ್ನು ಕೇಳುವ ಮೊದಲು ಬಯಲೆಲ್ಲಿದೆಯೆಂದು ಕೇಳೋಣ. ಅಂಗಸಾಧನೆಯ ಗಂಟೆಯನ್ನು ಬೇರೆ ಪಾಠಕ್ಕೆ ಕೊಟ್ಟರೆ ಹೆತ್ತವರ ಸಭೆಯಲ್ಲಿ ವಿನಯದಿಂದಲೇ ಆಕ್ಷೇಪಿಸೋಣ. ಹುಡುಗಿಯರಿಗೆ ಹನ್ನೆರಡು ತುಂಬಿದೊಡನೆ ಆಟವನ್ನು ನಿಲ್ಲಿಸುವ ಪದ್ಧತಿಯನ್ನು ನಮ್ಮ ಮನೆಯಿಂದಲೇ ಬಿಡೋಣ. ವಾರಕ್ಕೊಮ್ಮೆ ಕೆರೆಯ ಏರಿಗೋ ಗುಡ್ಡಕ್ಕೋ ಮಕ್ಕಳನ್ನು ನಡೆಸಿಕೊಂಡು ಹೋಗಿ, ಅಲ್ಲಿ ಉಪದೇಶವನ್ನು ಮಾಡದೆ ಸುಮ್ಮನೆ ಕುಳಿತಿರೋಣ. ಮೊಣಕಾಲು ತರಚಿದರೆ ತೊಳೆದು ಮತ್ತೆ ಆಡಲು ಕಳುಹಿಸೋಣ. ಊರಿನ ಖಾಲಿ ನಿವೇಶನಕ್ಕೆ ಬೇಲಿ ಬೀಳುವ ಮುಂಚೆ ಅದು ಮಕ್ಕಳದಾಗಲೆಂದು ಪಂಚಾಯಿತಿಗೂ ಪುರಸಭೆಗೂ ಅರ್ಜಿ ಬರೆಯೋಣ.

ಬಾಂಬು ಬೀಳುವವರೆಗೆ ಲಂಡನ್ನಿನ ಆ ನೆಲವು ಮಕ್ಕಳಿಗೆ ಸಿಕ್ಕಲಿಲ್ಲ. ನಮ್ಮ ಮಕ್ಕಳಿಗೆ ನೆಲವನ್ನು ಬಿಟ್ಟುಕೊಡಲು ನಾವು ಅಂತಹ ಅನರ್ಥವನ್ನು ಕಾಯಬೇಕಾಗಿಲ್ಲ.